ಹನ್ನೊಂದು ತಂಡ ಸುತ್ತಿ ಕೋಚ್ ಆದ ಕೆವಿನ್ ಓಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಇಲ್ಲಿಗೆ ಬರುವ ಮಕ್ಕಳೆಲ್ಲ ಸ್ಟೀಫನ್ ಕರಿ, ಲೆಬ್ರಾನ್ ಜೇಮ್ಸ್ ಅಂತ ಕನಸು ಕಾಣುವವರೇ. ನಾನು ಮಾತ್ರ ಮಾತು ಶುರು ಮಾಡಿದರೆ ಕೆವಿನ್ ಓಲಿ ಹೆಸರು ಎತ್ತುತ್ತೇನೆ. ಅದಕ್ಕೆ ಮಕ್ಕಳು ಕೇಳುತ್ತಾರೆ, ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮ ಕೇಳುತ್ತಾರೆ, ಚಿಕ್ಕಮಗಳೂರು, ಸಕಲೇಶಪುರದ ಕಡೆಯಿಂದ ವಾಟ್ಸಾಪ್‌ನಲ್ಲೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಮೊದಲು ಪರಿಚಯ

ಯಾರು ಸರ್ ಇವ್ರು? ಹೆಸರೇ ಕೇಳಿಲ್ಲ

ಕೇಳದೇ ಇರುವುದರಲ್ಲಿ ಆಶ್ಚರ್ಯ ಇಲ್ಲ. 1972ರ ಡಿಸೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹುಟ್ಟಿದ್ದು, ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಿ. ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಆಡಿದರು. ಅಲ್ಲಿನವರು ಅದನ್ನು ಯುಕಾನ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಆಮೇಲೆ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ 13 ಸೀಸನ್, 662 ಪಂದ್ಯ. ಪಂದ್ಯಕ್ಕೆ ಸರಾಸರಿ 3.8 ಪಾಯಿಂಟ್. ಪೋಸ್ಟರ್ ಹಾಕಿಕೊಳ್ಳುವಂಥ ಆಟಗಾರ ಅಲ್ಲವೇ ಅಲ್ಲ. ಆದರೆ ಆಟ ಬಿಟ್ಟು ನಾಲ್ಕು ವರ್ಷದೊಳಗೆ ಅದೇ ಯುಕಾನ್‌ನ ಕೋಚ್ ಆಗಿ ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್ ಗೆದ್ದರು.

ಕರಿ, ಲೆಬ್ರಾನ್ ಬಿಟ್ಟು ಇವ್ರ ಕಥೆ ಯಾಕೆ ಹೇಳ್ತೀರಾ ಮಕ್ಕಳಿಗೆ?

ಲೆಬ್ರಾನ್ ಎತ್ತರ 6 ಅಡಿ 9 ಇಂಚು, ಮೈಕಟ್ಟು ದೇವರು ಕೊಟ್ಟದ್ದು. ಅದನ್ನು ನಾನು ಹೇಳಿಕೊಡಲು ಆಗುವುದಿಲ್ಲ. ಓಲಿ ಬದುಕಿದ್ದು ಕಲಿತ ಕೆಲಸದ ಮೇಲೆ. ಕಲಿತದ್ದನ್ನು ಕಲಿಸಬಹುದು, ಅಷ್ಟೇ.

11 ತಂಡ ಅಂತೀರಿ, ನಾನು ಎಣಿಸಿದ್ರೆ 12 ಬರುತ್ತಲ್ಲ?

ಎಣಿಸಿದವರಿಗೆ ಮೊದಲು ಶಹಬ್ಬಾಸ್. ಡಲ್ಲಾಸ್, ಒರ್ಲ್ಯಾಂಡೊ, ಸ್ಯಾಕ್ರಮೆಂಟೊ, ಫಿಲಡೆಲ್ಫಿಯಾ, ನ್ಯೂಜೆರ್ಸಿ, ಶಿಕಾಗೊ, ಇಂಡಿಯಾನಾ, ಮಿಲ್ವಾಕಿ, ಸಿಯಾಟಲ್, ಕ್ಲೀವ್‌ಲ್ಯಾಂಡ್, ಮಿನೆಸೋಟ, ಒಕ್ಲಹೋಮ ಸಿಟಿ. ಹೆಸರು ಹನ್ನೆರಡೇ. ಆದರೆ ಸಿಯಾಟಲ್ ತಂಡವೇ 2008ರಲ್ಲಿ ಊರು ಬದಲಿಸಿ ಒಕ್ಲಹೋಮ ಸಿಟಿಗೆ ಹೋಯಿತು. ಆ ಎರಡನ್ನೂ ಒಂದೇ ಅಂತ ಹಿಡಿದರೆ 11. ಫಿಲಡೆಲ್ಫಿಯಾಗೆ ಮೂರು ಸಲ ಹೋಗಿ ಬಂದಿದ್ದಾರೆ, ಅದು ಬೇರೆ.

## ಆಟಗಾರನ ದಿನಗಳು

ಡ್ರಾಫ್ಟ್‌ನಲ್ಲಿ ಯಾರೂ ತಗೊಳ್ಳಲಿಲ್ಲ ಅಂದ್ಮೇಲೆ ಒಳಗೆ ಹೋಗಿದ್ದು ಹೇಗೆ?

ಡ್ರಾಫ್ಟ್ ಅಂದರೆ ಎನ್‌ಬಿಎ ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. 1995ರ ಡ್ರಾಫ್ಟ್‌ನಲ್ಲಿ ಎರಡು ಸುತ್ತಿನಲ್ಲಿ 58 ಆಟಗಾರರನ್ನು ಆರಿಸಿದರು. ಅದರಲ್ಲಿ ಓಲಿ ಹೆಸರು ಇರಲಿಲ್ಲ. ಆಗ ಅಮೆರಿಕದಲ್ಲಿ ಸಿಬಿಎ ಅಂತ ಒಂದು ಕೆಳಗಿನ ಲೀಗ್ ಇತ್ತು. ಸಣ್ಣ ಊರು, ಕಡಿಮೆ ದುಡ್ಡು. ಅಲ್ಲಿ ಕನೆಕ್ಟಿಕಟ್ ಪ್ರೈಡ್ ತಂಡಕ್ಕೆ ಆಡಿಕೊಂಡಿದ್ದರು. 1997ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಕರೆಯಿತು. ಹುಟ್ಟಿದ ಊರಲ್ಲೇ ಎನ್‌ಬಿಎಗೆ ಕಾಲಿಟ್ಟರು, ಆದರೆ ಆ ಸೀಸನ್ ಮುಗಿಯುವುದರೊಳಗೇ ಒರ್ಲ್ಯಾಂಡೊ ತಂಡದಲ್ಲಿದ್ದರು.

ಡ್ರಾಫ್ಟ್ ಅಂದ್ರೆ ಎಲ್ಲ ಅಂದುಕೊಂಡವರಿಗೆ ಇನ್ನೊಂದು ಮಾತು. 2015ರಲ್ಲಿ ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಇದೇ ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದ ಮೊದಲಿಗರು ಅವರು. ಆದರೆ ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಆಡಲು ಅವರಿಗೆ ಅವಕಾಶ ಸಿಗಲಿಲ್ಲ. ಹೆಸರು ಕೂಗದೇ ಇದ್ದವರು 662 ಆಡಿದರು.

ಹತ್ತು ದಿನದ ಕಾಂಟ್ರಾಕ್ಟ್ ಅಂತ ಹೇಳಿದ್ರಲ್ಲ, ಅದೇನು? ನಿಜವಾಗ್ಲೂ ಹತ್ತೇ ದಿನಾನಾ?

ಹೌದು, ಹತ್ತೇ ದಿನ. ಸೀಸನ್ ಅರ್ಧ ಆಗುವ ಹೊತ್ತಿಗೆ ಯಾರಿಗೋ ಮಂಡಿ ನೋವು, ಯಾರಿಗೋ ಹಿಮ್ಮಡಿ ನೋವು. ಆಳು ಸಾಲುವುದಿಲ್ಲ. ಸಕಲೇಶಪುರದ ಕಡೆ ಕಾಫಿ ಕೊಯ್ಲಿಗೆ ಆಳು ಸಾಲದೆ ಬಂದರೆ ಹೊರಗಿಂದ ಕರೆಸುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಜನವರಿಯಿಂದ ಇಂಥ ಒಪ್ಪಂದ ಮಾಡಿಕೊಳ್ಳಬಹುದು. ಒಂದೇ ತಂಡ ಒಬ್ಬನ ಜೊತೆ ಒಂದು ಸೀಸನ್‌ನಲ್ಲಿ ಎರಡು ಸಲ ಮಾತ್ರ ಮಾಡಿಕೊಳ್ಳಬಹುದು. ಮೂರನೇ ಸಲಕ್ಕೆ ಸೀಸನ್ ಮುಗಿಯುವವರೆಗೂ ಇಟ್ಟುಕೊಳ್ಳಬೇಕು, ಇಲ್ಲವೇ ಕಳಿಸಬೇಕು.

ಓಲಿ ಹೀಗೆ ಬಂದವರು. ಹತ್ತು ದಿನದಲ್ಲಿ ಮೂರೋ ನಾಲ್ಕೋ ಐದೋ ಪಂದ್ಯ ಇರುತ್ತದೆ, ಅದರಲ್ಲಿ ಕೋಚ್ ನಿಮ್ಮನ್ನು ಇಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ, ಇಳಿಸಿದರೂ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲದೆ ಒಂದು ಸಲ ತಡಬಡಾಯಿಸಿದರೂ ಹನ್ನೊಂದನೇ ದಿನ ಮನೆಗೆ.

ಪಂದ್ಯಕ್ಕೆ ನಾಲ್ಕು ಪಾಯಿಂಟ್ ಕೂಡ ಹೊಡೀದೆ ಇರೋನಿಗೆ 13 ವರ್ಷ ಯಾಕೆ ಸಂಬಳ ಕೊಟ್ರು?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೇಳುವ ಧಾಟಿಯಲ್ಲೇ ಸ್ವಲ್ಪ ತಾತ್ಸಾರ ಇರುತ್ತದೆ, ಪರವಾಗಿಲ್ಲ.

ಎನ್‌ಬಿಎ ಪಂದ್ಯ 48 ನಿಮಿಷ. ಸ್ಟಾರ್ ಗಾರ್ಡ್ (ಚೆಂಡು ತಂದು ಆಟ ಕಟ್ಟುವವನು) ಒಂದು ಹತ್ತು ಹನ್ನೆರಡು ನಿಮಿಷವಾದರೂ ಕೂರಲೇಬೇಕು. ಆ ಹೊತ್ತಲ್ಲಿ ಚೆಂಡು ಯಾರ ಕೈಯಲ್ಲಿ ಇರಬೇಕು? ಎದುರಾಳಿಗಳು ಕಾಯುತ್ತಿರುವುದೇ ಆ ಹೊತ್ತಿಗೆ. ಬಂದವನ ಮೇಲೆ ಮುಗಿಬೀಳುತ್ತಾರೆ. ಎಂಟು ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಬೇಕು, 24 ಸೆಕೆಂಡಿನೊಳಗೆ ಶಾಟ್ ಆಗಬೇಕು. ಅಷ್ಟರಲ್ಲಿ ಚೆಂಡು ಕಳೆದುಕೊಳ್ಳದೆ, ಕೋಚ್ ಹೇಳಿದ ಪ್ಲೇ, ಅಂದರೆ ಮೊದಲೇ ಅಭ್ಯಾಸ ಮಾಡಿದ ಆಟದ ಯೋಜನೆ, ಶುರು ಮಾಡಿ, ಸರಿಯಾದವನ ಕೈಗೆ ಸರಿಯಾದ ಜಾಗದಲ್ಲಿ ಕೊಡಬೇಕು. ಆಮೇಲೆ ಹಿಂದಕ್ಕೆ ಓಡಿ ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ಕಾಯಬೇಕು. ಓಲಿ ಇಷ್ಟನ್ನು ಮಾಡುತ್ತಿದ್ದರು. ಇದಕ್ಕಿಂತ ಜಾಸ್ತಿ ಮಾಡಲು ಹೋಗುತ್ತಿರಲಿಲ್ಲ. ಮೂರು ಪಾಯಿಂಟ್ ಶಾಟ್ ಅವರ ಕೈಗೆ ಹತ್ತಲೇ ಇಲ್ಲ, ಹಾಗಾಗಿ ಅದರ ತಂಟೆಗೇ ಹೋಗುತ್ತಿರಲಿಲ್ಲ. ತನಗೆ ಬಾರದ್ದನ್ನು ಪಂದ್ಯದಲ್ಲಿ ಪ್ರಯೋಗ ಮಾಡದೇ ಇರುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು.

ಇನ್ನೊಂದು, ಜನ ಗಮನಿಸದ ವಿಷಯ. ಹೊಸ ತಂಡಕ್ಕೆ ಹೋದಾಗ ಅಲ್ಲಿನ ಪ್ಲೇಗಳೆಲ್ಲ ಹೊಸದು. ಹೆಸರು ಬೇರೆ, ಕೈಸನ್ನೆ ಬೇರೆ. ಆಟ ನಡೆಸುವ ಪಾಯಿಂಟ್ ಗಾರ್ಡ್ ತನ್ನ ಜಾಗ ಮಾತ್ರ ಕಲಿತರೆ ಸಾಲದು, ಉಳಿದ ನಾಲ್ವರ ಜಾಗವೂ ಬಾಯಿಪಾಠ ಆಗಿರಬೇಕು. ನಮ್ಮ ಕೋರ್ಟ್‌ನಲ್ಲಿ ಆಗಾಗ ಒಂದು ಪರೀಕ್ಷೆ ಮಾಡುತ್ತೇನೆ. ಇರುವುದೇ ಒಂದು ಸುಲಭದ ಪ್ಲೇ. ಆಟ ನಿಲ್ಲಿಸಿ ಒಬ್ಬನಿಗೆ ಕಣ್ಣು ಮುಚ್ಚಿಸಿ, "ಉಳಿದ ನಾಲ್ಕು ಜನ ಎಲ್ಲೆಲ್ಲಿ ನಿಂತಿದ್ದಾರೆ, ಬೆರಳಲ್ಲಿ ತೋರಿಸು" ಅನ್ನುತ್ತೇನೆ. ಜಾಸ್ತಿ ಪಾಯಿಂಟ್ ಹೊಡೆಯುವ ಹುಡುಗ ಒಬ್ಬರನ್ನೋ ಇಬ್ಬರನ್ನೋ ತೋರಿಸುತ್ತಾನೆ. ನಾಲ್ವರನ್ನೂ ಸರಿಯಾಗಿ ತೋರಿಸಿದ್ದು ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ. ಹನ್ನೊಂದು ತಂಡದ ಪ್ಲೇ ಕಲಿತವನ ತಲೆಯಲ್ಲಿ ಏನೇನು ಕೂತಿರಬಹುದು ಲೆಕ್ಕ ಹಾಕಿ.

ಐವರ್ಸನ್, ಲೆಬ್ರಾನ್, ಡುರಾಂಟ್ ಮೂವರ ಜೊತೇನೂ ಆಡಿದ್ರಂತೆ, ನಿಜವಾ? ಸುಮ್ನೆ ಹೇಳ್ತೀರಾ?

ನಿಜ. 2000–01ರಲ್ಲಿ ಅಲೆನ್ ಐವರ್ಸನ್ ಇದ್ದ ಫಿಲಡೆಲ್ಫಿಯಾ ತಂಡದಲ್ಲಿದ್ದರು. ಆ ತಂಡ ಫೈನಲ್‌ಗೆ ಹೋಗಿ ಲೇಕರ್ಸ್ ಕೈಯಲ್ಲಿ 4–1ರಲ್ಲಿ ಸೋತಿತು. 2003–04ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಇದ್ದರು, ಅದು ಲೆಬ್ರಾನ್‌ನ ಮೊದಲ ಸೀಸನ್. 2009–10ರಲ್ಲಿ ಒಕ್ಲಹೋಮ ಸಿಟಿಯಲ್ಲಿ ಕೆವಿನ್ ಡುರಾಂಟ್ ಜೊತೆ. ಅದೇ ಕೊನೆಯ ಸೀಸನ್, ಆಡಿದ್ದು ಕಡಿಮೆ. ಆದರೆ ಆ ತಂಡದ ರೀತಿನೀತಿಯನ್ನೇ ಬದಲಿಸಿದ್ದು ಓಲಿ ಅಂತ ಡುರಾಂಟ್ ಆಮೇಲೆ ಬಹಿರಂಗವಾಗಿ ಹೇಳಿದ್ದಾರೆ. ಹಿಂದಿನ ವರ್ಷ 23 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 50 ಗೆದ್ದಿತು. ಎಲ್ಲ ಓಲಿಯಿಂದಲೇ ಅಂದರೆ ತಪ್ಪಾಗುತ್ತದೆ, ಡುರಾಂಟ್ ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಪಾಯಿಂಟ್ ಸರಾಸರಿ ಮಾಡಿದ. ಆದರೂ 37 ವರ್ಷದವನು ಎಲ್ಲರಿಗಿಂತ ಮೊದಲು ಜಿಮ್‌ಗೆ ಬಂದು ಬೆವರು ಸುರಿಸುತ್ತಿದ್ದರೆ 21ರ ಹುಡುಗ ತಡವಾಗಿ ಬರಲು ಹಿಂಜರಿಯುತ್ತಾನೆ, ಅಲ್ವಾ?

ಟ್ರೇಡ್ ಅಂದ್ರೆ ಆಟಗಾರನ್ನ ಕೇಳೋದೇ ಇಲ್ವಾ?

ಟ್ರೇಡ್ ಅಂದರೆ ಎರಡು ತಂಡ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವುದು. ಬಹುತೇಕ ಕೇಳುವುದಿಲ್ಲ. 2003ರ ಫೆಬ್ರವರಿಯಲ್ಲಿ ಮಿಲ್ವಾಕಿ ತಂಡ ರೇ ಅಲೆನ್‌ನನ್ನು ಸಿಯಾಟಲ್‌ಗೆ ಕೊಟ್ಟು ಗ್ಯಾರಿ ಪೇಟನ್‌ನನ್ನು ತೆಗೆದುಕೊಂಡಿತು. ಪತ್ರಿಕೆಗಳ ತುಂಬ ಆ ಇಬ್ಬರ ಹೆಸರೇ. ಜೊತೆಯಲ್ಲಿ ಓಲಿಯನ್ನೂ ಕಳಿಸಿದ್ದರು. ರೇ ಅಲೆನ್ ಯುಕಾನ್‌ನಲ್ಲಿ ಓಲಿಯ ಜೊತೆ ಆಡಿದವರು, ಹಾಗಾಗಿ ಹೊಸ ಊರಲ್ಲಿ ಹಳೆ ಪರಿಚಯದವರು ಒಬ್ಬರಾದರೂ ಇದ್ದರು.

## ಕೋಚ್ ಆದ ಮೇಲೆ

ಆಟ ಬಿಟ್ಟ ತಕ್ಷಣ ಕೋಚ್ ಕೆಲ್ಸ ಕೊಟ್ಟುಬಿಟ್ರಾ? ಇನ್‌ಫ್ಲುಯೆನ್ಸ್ ಇತ್ತಾ?

ಇತ್ತು. ಮುಚ್ಚಿಡುವುದೇನು? ತಾನು ಆಡಿದ ಕಾಲೇಜು, ತನಗೆ ಕಲಿಸಿದ ಜಿಮ್ ಕ್ಯಾಲ್ಹೂನ್ ಅವರೇ ಕರೆದರು. 2010ರಲ್ಲಿ ಸಹಾಯಕ ಕೋಚ್ ಆಗಿ ಸೇರಿದರು. ಮೊದಲ ಸೀಸನ್‌ನಲ್ಲೇ, ಅಂದರೆ 2011ರಲ್ಲಿ, ಯುಕಾನ್ ಚಾಂಪಿಯನ್ ಆಯಿತು. 2012ರ ಸೆಪ್ಟೆಂಬರ್‌ನಲ್ಲಿ ಕ್ಯಾಲ್ಹೂನ್ ನಿವೃತ್ತರಾದರು. ಓಲಿಗೆ ಜವಾಬ್ದಾರಿ ಕೊಟ್ಟರು, ಆದರೆ ಒಪ್ಪಂದ ಮುಂದಿನ ಏಪ್ರಿಲ್‌ವರೆಗೆ ಮಾತ್ರ. ಏಳು ತಿಂಗಳು. ಬೇರೆ ಯಾರಾದರೂ ಅವಮಾನ ಅಂದುಕೊಳ್ಳುತ್ತಿದ್ದರೇನೋ. ಹತ್ತು ದಿನದ ಒಪ್ಪಂದ ನೋಡಿದವನಿಗೆ ಏಳು ತಿಂಗಳು ಧಾರಾಳ. ಡಿಸೆಂಬರ್ ಹೊತ್ತಿಗೆ ಐದು ವರ್ಷದ ಒಪ್ಪಂದ ಕೈಗೆ ಬಂತು.

ಮೊದಲ ವರ್ಷ ಟೂರ್ನಿಗೇ ಹೋಗಲಿಲ್ವಂತೆ?

ಕಾಲೇಜು ಚಾಂಪಿಯನ್‌ಷಿಪ್ ಟೂರ್ನಿಗೆ ಹೋಗಲು ಬಿಡಲಿಲ್ಲ. ಹಿಂದಿನ ವರ್ಷಗಳಲ್ಲಿ ಆಟಗಾರರ ಓದು ನಿಗದಿತ ಮಟ್ಟಕ್ಕೆ ಬಂದಿರಲಿಲ್ಲ, ಅದಕ್ಕೆ 2013ರ ಟೂರ್ನಿಗೆ ಯುಕಾನ್ ಮೇಲೆ ನಿಷೇಧ ಇತ್ತು. ಅಲ್ಲಿ ಕಾಲೇಜು ಆಟಗಾರ ಓದದಿದ್ದರೆ ಇಡೀ ತಂಡಕ್ಕೆ ಪೆಟ್ಟು ಬೀಳುತ್ತದೆ. (ಈ ಉತ್ತರವನ್ನು ಅಮ್ಮಂದಿರು ಮಕ್ಕಳಿಗೆ ಓದಿ ಹೇಳುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು.) ಒಳ್ಳೆಯ ಆಟಗಾರರು ಕೆಲವರು ಎನ್‌ಬಿಎಗೆ ಹೋದರು, ಕೆಲವರು ಬೇರೆ ಕಾಲೇಜಿಗೆ ಹೋದರು. ಗಾರ್ಡ್ ಶಬಾಜ್ ನೇಪಿಯರ್ ಉಳಿದುಕೊಂಡ. ಕಪ್ ಇಲ್ಲ, ಟೂರ್ನಿ ಇಲ್ಲ, ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದೂ ಆ ತಂಡ 20 ಗೆದ್ದು 10 ಸೋತಿತು. ನನ್ನ ಲೆಕ್ಕದಲ್ಲಿ ಓಲಿ ಮಾಡಿದ ದೊಡ್ಡ ಕೆಲಸ ಇದೇ, ಕಪ್ ಗೆದ್ದದ್ದಲ್ಲ.

2014ರಲ್ಲಿ ನೇಪಿಯರ್ ಇದ್ದ, ಗೆದ್ರು. ಕೋಚ್ ಏನ್ಮಾಡಿದ್ರು ಅದ್ರಲ್ಲಿ?

ನೇಪಿಯರ್ ಇಲ್ಲದೆ ಗೆಲ್ಲುತ್ತಿರಲಿಲ್ಲ, ಒಪ್ಪಿದೆ. ಆದರೆ ಪೂರ್ತಿ ಕಥೆ ಕೇಳಿ. ಆ ವರ್ಷ ಮಾರ್ಚ್ 8ಕ್ಕೆ ಯುಕಾನ್ ಲೂಯಿವಿಲ್ ವಿರುದ್ಧ 81–48ರಲ್ಲಿ ಸೋತಿತ್ತು. 33 ಪಾಯಿಂಟ್ ಅಂತರ! ಟೂರ್ನಿಗೆ ಏಳನೇ ಶ್ರೇಯಾಂಕದಲ್ಲಿ ಹೋಯಿತು. ಏಳನೇ ಶ್ರೇಯಾಂಕದ ತಂಡ ಅದಕ್ಕೆ ಮುಂಚೆ ಯಾವತ್ತೂ ಗೆದ್ದಿರಲಿಲ್ಲ. ಮೊದಲ ಪಂದ್ಯವನ್ನೇ ಓವರ್‌ಟೈಮ್‌ನಲ್ಲಿ ಗೆದ್ದಿದ್ದು. ಆಮೇಲೆ ವಿಲನೋವಾ, ಅಯೋವಾ ಸ್ಟೇಟ್, ಮಿಷಿಗನ್ ಸ್ಟೇಟ್. ಸೆಮಿಫೈನಲ್‌ನಲ್ಲಿ ಸತತ 30 ಪಂದ್ಯ ಗೆದ್ದು ಬಂದಿದ್ದ ಫ್ಲಾರಿಡಾವನ್ನು 63–53ರಲ್ಲಿ ಹೊಡೆದರು. ಏಪ್ರಿಲ್ 7ರ ಫೈನಲ್‌ನಲ್ಲಿ ಕೆಂಟಕಿ ವಿರುದ್ಧ 60–54. ನಮ್ಮಲ್ಲಿ ಆಗ 8ನೇ ತಾರೀಕಿನ ಬೆಳಗ್ಗೆ. ಆಟ ನಡೆದದ್ದು ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ, 79,238 ಜನರ ಮುಂದೆ.

ಕೋಚ್ ಕೈ ಎಲ್ಲಿ ಕಾಣುತ್ತದೆ ಅಂದರೆ, ಒಂದು, ಗಾರ್ಡ್‌ಗಳ ಡಿಫೆನ್ಸ್. ಫ್ಲಾರಿಡಾ, ಕೆಂಟಕಿ ಎರಡೂ 55 ಪಾಯಿಂಟ್ ದಾಟಲಿಲ್ಲ. ಎರಡು, ಫೈನಲ್‌ನಲ್ಲಿ ಯುಕಾನ್ 10 ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬಾರದೆ ಹೊಡೆಯುವ ಶಾಟ್) ಪಡೆದು ಹತ್ತನ್ನೂ ಹಾಕಿತು. ಕೆಂಟಕಿ 24ರಲ್ಲಿ 13. ಆರು ಪಾಯಿಂಟ್‌ನಲ್ಲಿ ಮುಗಿದ ಪಂದ್ಯ ಅದು, ಲೆಕ್ಕ ನೀವೇ ಮಾಡಿ. ಈ ಎರಡೂ ಓಲಿ 13 ವರ್ಷ ಮಾಡಿಕೊಂಡು ಬಂದ ಕೆಲಸಗಳೇ. ಎದುರಾಳಿ ಗಾರ್ಡ್‌ಗೆ ಉಸಿರಾಡಲು ಬಿಡದಿರುವುದು, ಸಿಕ್ಕಿದ ಪುಕ್ಕಟೆ ಪಾಯಿಂಟ್ ಬಿಡದಿರುವುದು.

ಅಷ್ಟು ದೊಡ್ಡ ಕಪ್ ಗೆದ್ದವರನ್ನ ನಾಲ್ಕೇ ವರ್ಷಕ್ಕೆ ತೆಗೆದುಹಾಕಿದ್ರಲ್ಲ, ಯಾಕೆ?

ತಂಡ ಸೋಲಲು ಶುರುವಾಯಿತು. 2016–17ರಲ್ಲಿ 16 ಗೆಲುವು 17 ಸೋಲು, ಮುಂದಿನ ವರ್ಷ 14 ಗೆಲುವು 18 ಸೋಲು. ಜೊತೆಗೆ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ತನಿಖೆಯೂ ನಡೆಯುತ್ತಿತ್ತು. 2018ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ನಿಯಮ ಮುರಿದ ಕಾರಣ ಕೊಟ್ಟು ಅವರನ್ನು ತೆಗೆಯಿತು. ಹಾಗೆ ತೆಗೆದರೆ ಒಪ್ಪಂದದ ಬಾಕಿ ದುಡ್ಡು ಕೊಡಬೇಕಿಲ್ಲ. 2019ರಲ್ಲಿ ಎನ್‌ಸಿಎಎ ಕೂಡ ಅವರ ಮೇಲೆ ಮೂರು ವರ್ಷದ ನಿರ್ಬಂಧ ಹಾಕಿತು. ತನಿಖೆ ಮಾಡಿದವರಿಗೆ ಸರಿಯಾದ ಮಾಹಿತಿ ಕೊಡಲಿಲ್ಲ ಅನ್ನುವುದೂ ಆ ಆರೋಪಗಳಲ್ಲಿ ಇತ್ತು.

ಓಲಿ ಸುಮ್ಮನಿರಲಿಲ್ಲ. ಅವರ ಕೆಲಸಕ್ಕೆ ಅಧ್ಯಾಪಕರ ಯೂನಿಯನ್ ಒಪ್ಪಂದದ ರಕ್ಷಣೆ ಇತ್ತು, ಅದರ ಆಧಾರದ ಮೇಲೆ ಹೋರಾಡಿದರು. 2022ರ ಜನವರಿಯಲ್ಲಿ ಮಧ್ಯಸ್ಥಗಾರರು ತೆಗೆದುಹಾಕಿದ ರೀತಿ ಸರಿಯಿಲ್ಲ ಅಂತ ಹೇಳಿ 1.1 ಕೋಟಿ ಡಾಲರಿಗೂ ಜಾಸ್ತಿ ಕೊಡಿಸಿದರು. ಅದೇ ವರ್ಷ ಇನ್ನೂ 39 ಲಕ್ಷ ಡಾಲರಿಗೆ ರಾಜಿ ಆಯಿತು. ಇದರಿಂದ ಅವರು ಪೂರ್ತಿ ಸರಿ ಅಂತ ಆಗುವುದಿಲ್ಲ. ಎನ್‌ಸಿಎಎ ತೀರ್ಪೂ ಇದೆ, ಮಧ್ಯಸ್ಥಗಾರರ ತೀರ್ಪೂ ಇದೆ, ಎರಡನ್ನೂ ಓದಿಕೊಂಡೇ ಮಾತಾಡಬೇಕು. ನನ್ನ ಅಭಿಪ್ರಾಯ ಇಷ್ಟು: ಕಾಲೇಜು ಕೋಚ್ ಅಂದರೆ ಅರ್ಧ ಕೆಲಸ ಹೊಸ ಹುಡುಗರನ್ನು ಮನೆಮನೆಗೆ ಹೋಗಿ ಒಪ್ಪಿಸಿ ಕರೆತರುವುದು. ಬೆಂಚಿನಲ್ಲಿ ಕೂತು ಆ ಕೆಲಸ ಬರುವುದಿಲ್ಲ.

ಆಮೇಲೆ ಏನಾದ್ರು?

2021ರಲ್ಲಿ ಓವರ್‌ಟೈಮ್ ಎಲೀಟ್ ಅನ್ನುವ ಹದಿಹರೆಯದವರ ಲೀಗ್‌ಗೆ ಸೇರಿದರು. 2023ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡಕ್ಕೆ ಸಹಾಯಕ ಕೋಚ್. 2024ರ ಫೆಬ್ರವರಿಯಲ್ಲಿ ಅಲ್ಲಿನ ಮುಖ್ಯ ಕೋಚ್‌ನನ್ನು ತೆಗೆದಾಗ ಸೀಸನ್ ಮುಗಿಯುವವರೆಗೆ ಇವರನ್ನು ಕೂರಿಸಿದರು. 11 ಗೆಲುವು, 17 ಸೋಲು. ಕಾಯಂ ಮಾಡಲಿಲ್ಲ, ಬೇರೆಯವರನ್ನು ತಂದರು. ಕೋಚ್ ಆದ ಮೇಲೂ ಊರೂರು ಸುತ್ತುವುದು ತಪ್ಪಲಿಲ್ಲ.

ಸ್ಟಾರ್‌ಗಳಿಗಿಂತ ಇಂಥವರೇ ಒಳ್ಳೆ ಕೋಚ್ ಆಗ್ತಾರೆ ಅನ್ನೋದು ನಿಯಮಾನಾ?

ನಿಯಮ ಏನಿಲ್ಲ. ಒಕ್ಲಹೋಮದಲ್ಲಿ ಓಲಿಯ ಕೋಚ್ ಆಗಿದ್ದ ಸ್ಕಾಟ್ ಬ್ರೂಕ್ಸ್ ಕೂಡ ಡ್ರಾಫ್ಟ್ ಆಗದೆ ಹಲವು ತಂಡ ಸುತ್ತಿದವರು, 2010ರಲ್ಲಿ ಲೀಗ್‌ನ ಅತ್ಯುತ್ತಮ ಕೋಚ್ ಅನ್ನಿಸಿಕೊಂಡರು. ಇಮೆ ಉಡೋಕ ಹೀಗೇ ತಂಡ ತಂಡ ಸುತ್ತಿ, ಕೋಚ್ ಆದ ಮೊದಲ ವರ್ಷವೇ, 2022ರಲ್ಲಿ, ಬೋಸ್ಟನ್ ತಂಡವನ್ನು ಫೈನಲ್‌ಗೆ ಒಯ್ದರು. ಮ್ಯಾಜಿಕ್ ಜಾನ್ಸನ್ ಅಂಥ ದೊಡ್ಡ ಸ್ಟಾರ್ 1994ರಲ್ಲಿ 16 ಪಂದ್ಯಕ್ಕೆ ಕೋಚ್ ಆಗಿ 5 ಗೆದ್ದು 11 ಸೋತು ಸಾಕು ಅಂದರು. ಆದರೆ ಇನ್ನೊಬ್ಬ ಸ್ಟಾರ್ ಬಿಲ್ ರಸೆಲ್ ಆಟಗಾರನೂ ಕೋಚೂ ಆಗಿ 1968, 1969 ಎರಡೂ ವರ್ಷ ಗೆದ್ದಿದ್ದಾರೆ. ಎರಿಕ್ ಸ್ಪೋಲ್ಸ್ಟ್ರಾ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದೆ ಎರಡು ಕಪ್ ಗೆದ್ದಿದ್ದಾರೆ. ಸ್ಟಾರ್‌ಗೆ ಒಂದು ತೊಂದರೆ ಇದೆ, ಅವನಿಗೆ ಸಲೀಸಾಗಿ ಬಂದದ್ದು ಬೇರೆಯವರಿಗೆ ಯಾಕೆ ಬರುವುದಿಲ್ಲ ಅಂತ ಅರ್ಥ ಆಗುವುದಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

## ನಮ್ಮ ಊರಿನ ಪ್ರಶ್ನೆಗಳು

ಹಾಸನದಿಂದ ಹೀಗೆ ತಂಡ ತಂಡ ಆಡ್ಕೊಂಡು ಜೀವನ ಮಾಡೋಕಾಗುತ್ತಾ ಸರ್?

ಆ ರೀತಿ ಆಗುವುದಿಲ್ಲ. ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವುದು ಅಂದರೆ ಹೆಚ್ಚಾಗಿ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕ್, ಓಎನ್‌ಜಿಸಿಯಂಥ ಕಂಪನಿಗಳು ಆಟಗಾರರನ್ನು ನೌಕರಿಗೆ ತೆಗೆದುಕೊಳ್ಳುತ್ತವೆ. ಒಮ್ಮೆ ಸೇರಿದರೆ ಅಲ್ಲೇ. ಆಟ ಮುಗಿದ ಮೇಲೆ ಕಚೇರಿ ಕೆಲಸ, ನಿವೃತ್ತಿವರೆಗೂ ಭಯ ಇಲ್ಲ. ಓಲಿಗೆ ಇಲ್ಲದಿದ್ದ ನೆಮ್ಮದಿ ಇದು. ಆದರೆ ನೌಕರಿ ಸಿಕ್ಕಿದ ದಿನವೇ ಕಲಿಯುವುದನ್ನು ನಿಲ್ಲಿಸುವವರೂ ಇದ್ದಾರೆ, ಕಣ್ಣಾರೆ ನೋಡಿದ್ದೇನೆ.

ಕೋಚ್ ಆಗೋಕೆ ಏನು ಓದಬೇಕು? ಚೆನ್ನಾಗಿ ಆಡಿದ್ರೆ ಸಾಕಾ?

ಸಾಲದು. ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಬೇಕಾದರೆ ಬಿ.ಪಿ.ಎಡ್. ಕಡೆ ಹೋಗಿ. ಕೋಚ್ ಆಗಲು ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಗೆ ಬೆಲೆ ಜಾಸ್ತಿ. ನಮ್ಮವರು ಅದನ್ನು ಎನ್‌ಐಎಸ್ ಅಂತಾರೆ. ಒಂದು ವರ್ಷದ ಕೋರ್ಸ್. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಆಡುತ್ತಿರುವಾಗಲೇ ಪಂದ್ಯ ಆಡಿದ ಸರ್ಟಿಫಿಕೇಟ್‌ಗಳನ್ನು ಒಂದು ಫೈಲಿಗೆ ಹಾಕಿಡಿ. ಅರ್ಜಿ ಹಾಕುವ ವಾರ ಅಟ್ಟದ ಮೇಲೆ ಹುಡುಕಾಡುವ ಅಪ್ಪಂದಿರನ್ನು ಪ್ರತಿ ವರ್ಷ ನೋಡುತ್ತೇನೆ.

ನನ್ ಮಗ ಗಿಡ್ಡ, 5 ಅಡಿ 7 ಇಂಚಿಗೇ ನಿಂತುಬಿಟ್ಟಿದಾನೆ. ಬೇರೆ ಆಟಕ್ಕೆ ಹಾಕ್ಲಾ?

ಅವನಿಗೆ ಇಷ್ಟ ಇದ್ದರೆ ಬೇಡ. 2014ರ ಫೈನಲ್‌ನಲ್ಲಿ ಕೆಂಟಕಿಯ ಗಾರ್ಡ್‌ಗಳು 6 ಅಡಿ 6 ಇಂಚು. ಯುಕಾನ್‌ನ ನೇಪಿಯರ್, ಬೋಟ್‌ರೈಟ್ ಇಬ್ಬರೂ ಆರಡಿ ಆಸುಪಾಸು. ನೇಪಿಯರ್ 22, ಬೋಟ್‌ರೈಟ್ 14 ಪಾಯಿಂಟ್ ಹೊಡೆದರು. ಹಾಗಂತ 5 ಅಡಿ 7 ಇಂಚಿಗೆ ಅಮೆರಿಕದ ಕನಸು ಕಟ್ಟಿಕೊಡುವುದಿಲ್ಲ. ಜಿಲ್ಲೆ, ವಿಶ್ವವಿದ್ಯಾಲಯ, ಕೈ ಕೂಡಿದರೆ ರಾಜ್ಯ ಮಟ್ಟ, ಅಲ್ಲಿಗೆ ದಾರಿ ಇದೆ.

ಅವನು ಕಲಿಯಬೇಕಾದ್ದು: ಎಡಗೈ ಡ್ರಿಬಲ್, ಚೆಂಡು ನೋಡದೆ. ಓಡಿ ಬಂದು ಎರಡೂ ಕಾಲಲ್ಲಿ ಗಕ್ಕನೆ ನಿಲ್ಲುವುದು. ಇದನ್ನು ಮಾತ್ರ ನಮ್ಮ ಸಿಮೆಂಟ್ ಕೋರ್ಟ್ ಮೇಲೆ ಆಷಾಢದ ಜಡಿಮಳೆಯಲ್ಲಿ ಮಾಡಬೇಡಿ, ಕಾಲು ಜಾರಿದರೆ ಮಂಡಿ ಹೋಯಿತು. ಮಳೆ ದಿನ ಹಾಲ್‌ನಲ್ಲೋ ಮನೆ ಜಗಲಿಯಲ್ಲೋ ಗೋಡೆಗೆ ಪಾಸ್ ಹೊಡೆದು ಅಭ್ಯಾಸ ಮಾಡಲಿ. ಮತ್ತೆ ಫ್ರೀ ಥ್ರೋ. ಬಂದ ತಕ್ಷಣ ಅಲ್ಲ, ಕೊನೆಯಲ್ಲಿ, ಓಡಿ ಓಡಿ ಕಾಲು ನಡುಗುವಾಗ.

ನನ್ನ ಮಗಳನ್ನ ಯಾವಾಗ್ಲೂ ಬೆಂಚಲ್ಲೇ ಕೂರಿಸ್ತೀರಾ, ಯಾಕೆ?

ಯಾರು ಕೇಳಿದ್ದು ಅಂತ ಬರೆಯುವುದಿಲ್ಲ, ಕೇಳಿದವರಿಗೆ ಗೊತ್ತು. ಮೇಲೆ ಕಣ್ಣು ಮುಚ್ಚಿ ನಾಲ್ವರನ್ನೂ ತೋರಿಸಿದ ಹುಡುಗಿ ಅಂದೆನಲ್ಲ, ಅವಳೇ ನಿಮ್ಮ ಮಗಳು. ಎಡಗೈ ಇನ್ನೂ ಕೂತಿಲ್ಲ. ಕೂತ ಮೇಲೆ ಅವಳೇ ಪಾಯಿಂಟ್ ಗಾರ್ಡ್. ಅಲ್ಲಿವರೆಗೆ ಬೆಂಚಲ್ಲಿ ಕೂತು ಸುಮ್ನೆ ಚಪ್ಪಾಳೆ ಹೊಡೆಯುವುದು ಬೇಡ. ಎದುರು ತಂಡದ ಗಾರ್ಡ್ ಯಾವ ಕೈಯಲ್ಲಿ ಜಾಸ್ತಿ ಡ್ರಿಬಲ್ ಮಾಡುತ್ತಾಳೆ ಅಂತ ನೋಡಿಕೊಂಡು ಟೈಮ್ ಔಟ್‌ನಲ್ಲಿ ನನಗೆ ಬಂದು ಹೇಳಲಿ.